ಸುಂದ್ರವ್ವ ತರಿಸಿದ ಎಮ್ಮೆ ಔಷಧ

ಸುಂದ್ರವ್ವನಿಗೆ ಕೂರುವುದೆಂದರೆ ಆಗದು. ಕಾಂದಿವಲಿಯ ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಹತ್ತು ವರ್ಷದಿಂದ ಅವಳನ್ನು ನೋಡುತ್ತಿದ್ದೇನೆ. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಾಳೆ. ಚಹಾ ಕೊಟ್ಟರೆ ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತ ಕುಡಿಯುತ್ತಾಳೆ. ಇಂಡಿ ತಾಲ್ಲೂಕಿನಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಮನೆಗೆಲಸಕ್ಕೆ ಇಳಿದಳು, ಅಲ್ಲಿಂದ ನಾಯಿಗಳಿಗೆ ಬಂದಳು. ಈಗ ಬೆಳಿಗ್ಗೆ, ಸಂಜೆ ಆರು ಮನೆಗಳ ನಾಯಿಗಳನ್ನು ತಿರುಗಾಡಿಸುವುದೇ ಅವಳ ಹೊಟ್ಟೆಪಾಡು. ಅವಳು ನಾಯಿ ತಿರುಗಾಡಿಸುವುದಿಲ್ಲ, ನಾಯಿಗಳೇ ಏದುಸಿರು ಬಿಡುತ್ತ ಅವಳನ್ನು ಹಿಂಬಾಲಿಸುತ್ತವೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ನಡೆಯುವಾಗಲೂ ಅವಳ ಕೈ ಸುಮ್ಮನಿರುವುದಿಲ್ಲ. ನಾಯಿಗಳ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಹುಡುಕುತ್ತದೆ. ಸಿಕ್ಕಿದ್ದನ್ನು ಕಿತ್ತು, ಸೊಂಟಕ್ಕೆ ಕಟ್ಟಿಕೊಂಡ ಸಾಬೂನು ನೀರಿನ ಡಬ್ಬಿಗೆ ಹಾಕುತ್ತಾಳೆ. ತನ್ನ ನಾಯಿಗಳ ಮೈಮೇಲೆ ಉಣ್ಣಿ ಕಂಡರೆ ಅವಳಿಗೆ ಅವಮಾನ.

ಈ ಸಲ ಮಳೆ ಮುಗಿದು ಅಕ್ಟೋಬರಿನ ಸೆಕೆ ಹಿಡಿಯುತ್ತಲೇ ಉಣ್ಣಿಗಳು ವಿಪರೀತ ಹೆಚ್ಚಿದವು. ನನ್ನ ನಾಯಿ ಕರಿಯಾ ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದ. ಆಗ ಆ ಮಾತು ಆಡಿದವಳು ನಾನೇ. ಧಾರವಾಡದ ನಮ್ಮ ಮನೆಯಲ್ಲಿ ಎಮ್ಮೆಗೆ ಹಚ್ಚುತ್ತಿದ್ದ ಔಷಧದಿಂದ ಒಂದೇ ದಿನಕ್ಕೆ ಉಣ್ಣಿ ಉದುರುತ್ತಿದ್ದವು, ಅದನ್ನು ಊರಿಂದ ತರಿಸು ಎಂದೆ. ಸುಂದ್ರವ್ವ ಅವತ್ತೇ ಊರಲ್ಲಿರುವ ತಮ್ಮ ಶೆಟ್ಟೆಪ್ಪನಿಗೆ ಫೋನು ಮಾಡಿದಳು. ಅವನು ಡಬ್ಬಿ ಸೋರೀತೆಂದು ಔಷಧವನ್ನು ಸಣ್ಣ ನೀರಿನ ಬಾಟಲಿಗೆ ಸುರಿದು, ಕಡಕ್ ರೊಟ್ಟಿಯ ಗಂಟಿನ ಜೊತೆ ಬಸ್ಸಿಗೆ ಹಾಕಿದ. ಮೂವತ್ತು ವರ್ಷ ಮಕ್ಕಳಿಗೆ ಓದಿ ನೋಡಿ ಉತ್ತರ ಬರೆಯಿರಿ ಎಂದು ಬೈದ ಟೀಚರು ನಾನು. ಹೆಸರಿಲ್ಲದ ಬಾಟಲಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ.

ಶುಕ್ರವಾರ ಕರಿಯಾನಿಗೆ ಹಚ್ಚಿದೆವು. ಬಕೆಟ್ಟಿಗೆ ಒಂದು ಮುಚ್ಚಳ, ಎಮ್ಮೆಯ ಲೆಕ್ಕ. ವಾಸನೆ ತಡೆಯಲಾಗದೆ ನಾನು ಹತ್ತೇ ನಿಮಿಷದಲ್ಲಿ ಅವನನ್ನು ತೊಳೆದುಬಿಟ್ಟೆ. ಅದನ್ನು ಸುಂದ್ರವ್ವನಿಗೆ ಹೇಳಲಿಲ್ಲ. ಕರಿಯಾ ಗಟ್ಟಿಮುಟ್ಟಾಗಿರುವುದನ್ನು ಕಂಡ ಅವಳು ಭಾನುವಾರ ಬೆಳಿಗ್ಗೆ, ಯಜಮಾನರನ್ನು ಕೇಳದೆ, ಉಳಿದ ಐದು ನಾಯಿಗಳಿಗೂ ಹಚ್ಚಿ ಬಿಸಿಲಿಗೆ ಬಿಟ್ಟಳು. ಎಲ್ಲರಿಗೂ ಉಪಕಾರ ಮಾಡಿದ ಖುಷಿ ಅವಳಿಗೆ.

ಹತ್ತು ಗಂಟೆಗೆ ಏಳನೆಯ ಮಹಡಿಯ ಸೋನಾಲಿ ತನ್ನ ಕೋಕೋವನ್ನು ಎತ್ತಿಕೊಂಡು ನಾನೂ ಸುಂದ್ರವ್ವನೂ ಇದ್ದಲ್ಲಿಗೆ ಓಡಿಬಂದಳು. ನಾಲ್ಕು ಕಿಲೋ ತೂಗದ ಪುಟ್ಟ ನಾಯಿ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿದ್ದವು. ನಾವು ಮೂವರೂ ರಿಕ್ಷಾ ಹತ್ತಿ ಡಾಕ್ಟರ್ ಅನಿಕೇತರ ಕ್ಲಿನಿಕ್ಕಿಗೆ ಹೋದೆವು. ದಾರಿಯುದ್ದಕ್ಕೂ ಸುಂದ್ರವ್ವನ ಮೊಣಕಾಲು ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು.

ಏನು ತಿಂದಿತು, ಏನು ಹಚ್ಚಿದಿರಿ ಎಂದು ಡಾಕ್ಟರು ಕೇಳಿದರು. ಹಿಂದಿನ ರಾತ್ರಿ ಕತ್ತಿನ ಹಿಂದೆ ಉಣ್ಣಿಯ ಹನಿ ಔಷಧ ಹಾಕಿದ್ದೇನೆ ಎಂದು ಸೋನಾಲಿ ಪೊಟ್ಟಣ ತೋರಿಸಿದಳು. ತೂಕಕ್ಕೆ ಸರಿಯಾದದ್ದೇ ಇತ್ತು. ಬರೀ ಇದರಿಂದ ಇಷ್ಟು ಆಗಲಾರದು, ಇನ್ನೇನೋ ಮೈಗೆ ಸೇರಿದೆ ಎಂದು ಅವರು ತಲೆ ಅಲ್ಲಾಡಿಸಿದರು. ಸುಂದ್ರವ್ವ ಬಾಗಿಲಿಂದ ಬೆಂಚಿಗೆ, ಬೆಂಚಿನಿಂದ ಬಾಗಿಲಿಗೆ ಸುತ್ತುತ್ತಿದ್ದಳು. ಬಾಯಿ ಬಿಟ್ಟರೆ ಆರು ಮನೆಯೂ ಹೋಗುತ್ತವೆ, ಬಿಡದಿದ್ದರೆ ಕೋಕೋ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಪರ್ಸಿನ ಜಿಪ್ಪು ಎಳೆಯುತ್ತ ನಿಂತಿದ್ದೆ.

ಅವಳೇ ಮುಂದೆ ಬಂದು, ತನ್ನ ಹರಕು ಹಿಂದಿಯಲ್ಲಿ, ಎಮ್ಮೆಯ ಔಷಧ ಹಚ್ಚಿದ್ದು ತಾನು ಎಂದಳು. ಯಾವ ಔಷಧ ಎಂದರೆ ಹೆಸರು ಗೊತ್ತಿಲ್ಲ. ಡಾಕ್ಟರು ಕೋಕೋವನ್ನು ಸಾಬೂನಿನಿಂದ ತೊಳೆಯಲು ಹೇಳಿ, ದನಗಳ ಔಷಧದಲ್ಲಿ ಬೇರೆ ಬೇರೆ ಜಾತಿಗಳಿವೆ, ಒಂದಕ್ಕೆ ಕೊಡುವ ಇಂಜೆಕ್ಷನ್ನು ಇನ್ನೊಂದಕ್ಕೆ ನಡೆಯುವುದಿಲ್ಲ, ಹೆಸರು ಬೇಕೇ ಬೇಕು ಎಂದರು. ಸುಂದ್ರವ್ವ ಫೋನು ಕಿವಿಗಿಟ್ಟಳು.

"ಶೆಟ್ಟೆಪ್ಪಾ, ಎಮ್ಮಿ ಔಷಧದ ಡಬ್ಬಿ ಎಲ್ಲೈತಿ? ಅದರ ಫೋಟೋ ತಗದ ಕಳಸು. ಹೊಲದಾಗ ಇದ್ರ ಓಡಿ ಹೋಗು. ಇಲ್ಲಿ ಒಂದ ಜೀವ ಹೊಂಟೈತಿ."

ಹದಿನೈದು ನಿಮಿಷ. ಫೋನನ್ನು ಅವಳು ಈ ಕೈಯಿಂದ ಆ ಕೈಗೆ ಬದಲಿಸುತ್ತ, ಗಾಜು ಒರೆಸುತ್ತ, ರಸ್ತೆಯವರೆಗೆ ಹೋಗಿ ಸಿಗ್ನಲ್ ನೋಡಿ ಬರುತ್ತಿದ್ದಳು. ಫೋಟೋ ಬಂತು. ಡಾಕ್ಟರು ಅಕ್ಷರ ಹಿಗ್ಗಿಸಿ ಓದಿ ಸೂಜಿ ತುಂಬಿದರು. ಕೋಕೋನ ನಡುಕ ಸ್ವಲ್ಪ ಸ್ವಲ್ಪವೇ ಇಳಿಯಿತು. ಹನಿ ಔಷಧ ಹಾಕಿದ ಮೇಲೂ ಉಣ್ಣಿ ಒಂದೆರಡು ದಿನ ಓಡಾಡುತ್ತವೆ, ಕೆಲಸ ಮಾಡಲಿಲ್ಲವೆಂದು ಅದರ ಮೇಲೆ ಇನ್ನೊಂದನ್ನು ಹಚ್ಚಬಾರದು, ದನಕ್ಕೆ ಮಾಡಿದ್ದನ್ನು ನಾಯಿಯ ಹತ್ತಿರವೂ ತರಬಾರದು ಎಂದು ಡಾಕ್ಟರು ಬೈದರು. ಇದನ್ನು ತರಲು ಯಾರು ಹೇಳಿದರು ಎಂದು ಸೋನಾಲಿ ಕೇಳಿದಳು. ಸುಂದ್ರವ್ವ ನನ್ನ ಕಡೆ ನೋಡಲೇ ಇಲ್ಲ. ಯಾರೂ ಹೇಳಿಲ್ಲ, ತನ್ನದೇ ಬುದ್ಧಿ ಎಂದಳು. ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಬೇರೆ ನಾಯಿಗಳಿಗೂ ಹಚ್ಚಿದ್ದೀಯಾ ಎಂದು ಡಾಕ್ಟರು ಕೇಳಿದ್ದೇ ತಡ, ಅವಳು ರಿಕ್ಷಾ ಹುಡುಕಲು ಓಡಿದಳು. ಇನ್ನೂ ನಾಲ್ಕು ಮನೆಗಳಿದ್ದವು. ಒಂದೊಂದು ಬಾಗಿಲಲ್ಲೂ ನಿಂತು ತಾನು ಮಾಡಿದ್ದನ್ನು ಹೇಳಿ, ಬೈಗುಳ ಮುಗಿಯುವುದನ್ನು ಕಾಯದೆ ಒಳಗೆ ನುಗ್ಗಿ, ಪಾತ್ರೆ ತೊಳೆಯುವ ಸಾಬೂನು, ಉಗುರುಬೆಚ್ಚಗಿನ ನೀರು ಕೇಳಿ ನಾಯಿಯನ್ನು ಬಚ್ಚಲಿಗೆ ಎಳೆದಳು. ಪುಣ್ಯಕ್ಕೆ ಅವು ದೊಡ್ಡ ನಾಯಿಗಳು, ಯಾವುದೂ ನಡುಗುತ್ತಿರಲಿಲ್ಲ. ಮೊದಲ ಮೂರೂ ಮನೆಯವರು ನಾಳೆಯಿಂದ ಬರಬೇಡ ಎಂದರು. ನಾನು ಅವಳ ಹಿಂದೆ ಟವೆಲು ಹಿಡಿದು ಓಡುತ್ತಿದ್ದೆ.

ಕೊನೆಯ ಮನೆ ಬೆಳಗಾವಿಯ ವ್ಯಾಪಾರಿ ಸೋಮನಾಥರದು. ಅವರೇ ಸೊಸೈಟಿಯ ಸೆಕ್ರೆಟರಿ. ಸುಂದ್ರವ್ವ ಅವರ ನಾಯಿಯನ್ನು ಬಚ್ಚಲಿಗೆ ಒಯ್ಯುತ್ತಿದ್ದಂತೆ ಅವರು ಫೋನು ತೆಗೆದು, ನಾಳೆಯಿಂದ ಈ ಹೆಂಗಸನ್ನು ಗೇಟಿನೊಳಗೆ ಬಿಡಬೇಡಿ ಎಂದು ವಾಚ್‌ಮನ್ನಿಗೆ ಹೇಳಿದರು. ಇನ್ನು ತಡೆಯಲಾಗಲಿಲ್ಲ.

"ಔಷಧ ತರಿಸಿದಾಕಿ ನಾನು," ಅಂದೆ. "ಹಚ್ಚು ಅಂತ ಹೇಳಿದಾಕೀನೂ ನಾನ. ಅಕಿದೇನೂ ತಪ್ಪಿಲ್ಲ."

ಸೋಮನಾಥರು ಗಾಬರಿಯಾಗಿ ಸೋಫಾದಿಂದ ಎದ್ದು, ಕುರ್ಚಿ ಸರಿಸಿದರು. ಹೆಂಡತಿಗೆ ನೀರು ತರಲು ಹೇಳಿದರು.

"ಅಯ್ಯ, ಕೂಡ್ರಿ ಟೀಚರ್. ನಿಮಗೇನ ಗೊತ್ತಿರ್ತೈತಿ ಪಾಪ, ಒಮ್ಮೊಮ್ಮೆ ಆಗ್ತಾವ ಇಂಥಾವು."

ವಾಚ್‌ಮನ್ನಿಗೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಿ ಎಂದು ಕೇಳಿದೆ. ಅದು ಬೇರೆ ವಿಷಯ, ಸೊಸೈಟಿಯ ಶಿಸ್ತು ಎಂದರು.

ಬಚ್ಚಲಿನ ಬಾಗಿಲು ತೆರೆದೇ ಇತ್ತು. ಸುಂದ್ರವ್ವ ನಾಯಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತು, ಬೆನ್ನಿಗೆ ಸಾಬೂನು ತಿಕ್ಕುತ್ತಿದ್ದಳು. ಹತ್ತು ವರ್ಷದಲ್ಲಿ ಅವಳು ಹೀಗೆ ನೆಲ ಹಿಡಿದು ಕುಳಿತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಲೆ ಎತ್ತದೆ ಹೇಳಿದಳು:

"ಅಕ್ಕಾರ, ನೀವು ಕ್ಲಿನಿಕ್‌ದಾಗ ಅಂದಿದ್ರೂ ಹಿಂಗ ಆಗತಿತ್ತು ನೋಡ್ರಿ. ನಿಮಗ ಕುರ್ಚಿ, ನನಗ ಗೇಟು. ಅದಕ್ಕ ನಾ ನಿಮ್ಮ ಹೆಸರು ತಗೀಲಿಲ್ಲ. ನೀರ ಹಾಕ್ರಿ."