ಅತ್ತೆಗೆ ಗೊತ್ತಿಲ್ಲದ ಅರ್ಜಿ

ಮಗಳ ಬಾಣಂತನಕ್ಕೆ ಹೊರಟ ನಾನು ಗಲ್ಫ್ ದೇಶವೊಂದರ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಅಧಿಕಾರಿಯ ಮುಂದೆ ನಿಂತಿದ್ದೆ. ಆತ ಪರದೆ ನೋಡಿ ಏನೋ ಕೇಳಿದ. ವಿಮಾನದಲ್ಲಿ ಪರಿಚಯವಾದ ಚಿತ್ತಾಪುರದ ರಜಿಯಾ ಹಿಂದೆಯೇ ಇದ್ದಳು; ಆತನ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳು.

"ಅಕ್ಕಾ, ಎರಡು ವರ್ಷದ ಹಿಂದ ಬ್ಯಾರೆ ದೇಶದವರು ನಿಮಗ ವೀಸಾ ಕೊಡಲಿಲ್ಲಂತ, ಮಷೀನಿನ್ಯಾಗ ಬಂದೈತಂತ. ಫಾರ್ಮಿನ್ಯಾಗ ಯಾಕ ಬರೆದಿಲ್ಲಂತ ಕೇಳಾಕತ್ತಾರ."

ಆ ದೇಶದಲ್ಲಿರುವ ತಮ್ಮನ ಹತ್ತಿರ ಹೋಗಲು ಹಾಕಿದ್ದ ಆ ಅರ್ಜಿ ಸೇಡಂನ ಮನೆಯಲ್ಲಿ ಅತ್ತೆಗೂ ಗೊತ್ತಿಲ್ಲ. ಈ ಫಾರ್ಮು ತುಂಬಿಸುವಾಗ ಅವರು ಪಕ್ಕದಲ್ಲೇ ಕುಳಿತಿದ್ದರು, ಅದಕ್ಕೇ 'ಇಲ್ಲ' ಎಂದಿದ್ದೆ. ಇವರಿಗೆ ಯಾರು ಹೇಳಿದರು? ವಾಪಸ್ ಕಳಿಸಿದರೆ ಬಾಣಂತಿಯನ್ನು ಯಾರು ನೋಡಬೇಕು? ಸೆರಗಿನೊಳಗೆ ಲಿಂಗದ ಕರಡಿಗೆ ಹಿಡಿದುಕೊಂಡೆ.

"ನಮ್ಮತ್ತಿಯವರಿಗೆ ಅಂಜಿ ಸುಳ್ಳು ಬರೆಸೀನಿ ಅಂತ ಹೇಳವ್ವ."

ಆತ ಬಹಳ ಹೊತ್ತು ಪರದೆ ನೋಡಿದ. ಕೊನೆಗೆ ನನ್ನ ಹತ್ತೂ ಬೆರಳು ಗಾಜಿನ ಮೇಲೆ ಒತ್ತಿಸಿಕೊಂಡು ಮುದ್ರೆ ಹಾಕಿದ. ಒಳಗೆ ಬಿಟ್ಟರು, ಅದೊಂದು ದಯೆ. ರಜಿಯಾ ಹಿಂದೆಯೇ ಇದ್ದಳು, ಅದಿನ್ನೊಂದು.

"ಊರಾಗ ಯಾರಿಗೂ ಹೇಳಬ್ಯಾಡವ್ವ," ಎಂದೆ.

"ನಾ ಹೇಳಂಗಿಲ್ರಿ ಅಕ್ಕಾ," ಎಂದು ನಕ್ಕಳು. "ಆ ಮಷೀನಿಗೂ ಒಂದ್ ಮಾತು ಹೇಳಿ ಬರ್ರಿ."