ಹೆದರದ ಕಣ್ಣು

ಕೋವಿಡ್ ಸರಿದು ಥಿಯೇಟರುಗಳು ಮತ್ತೆ ತುಂಬತೊಡಗಿದ್ದ ಕಾಲ. ಮಿರಜಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನಾನು ರಿಫ್ರ್ಯಾಕ್ಷನಿಸ್ಟ್, ಅಂದರೆ ಕನ್ನಡಕದ ನಂಬರ್ ತೆಗೆಯುವವಳು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಸಾವಿರಾರು ಕಣ್ಣು ನೋಡಿದ್ದೇನೆ. ಆದರೆ ಮರೆಯಲಾಗದ ಕೇಸು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಸಿನಿಮಾ ಥಿಯೇಟರಿನಲ್ಲಿ.

ಒಂದು ಹಳೆಯ ಕಪ್ಪುಬಿಳುಪಿನ ಭೂತದ ಸಿನಿಮಾವನ್ನು ತ್ರೀಡಿ ಮಾಡಿ ಮತ್ತೆ ಬಿಡುಗಡೆ ಮಾಡಿದ್ದರು. ನಾನು ಕಾಲೇಜಿನಲ್ಲಿದ್ದಾಗ ಅದನ್ನು ನೋಡಿ ವಾರಗಟ್ಟಲೆ ದೀಪ ಹಚ್ಚಿಕೊಂಡು ಮಲಗಿದವಳು. ಹತ್ತಿರದ ವಿಶ್ರಾಮಬಾಗದ ಕಾಲೇಜಿನಲ್ಲಿ ಓದುತ್ತಿದ್ದ, ನಮ್ಮ ಮನೆತನದ ಹುಡುಗಿ ಶ್ವೇತಾ ಮ್ಯಾಟಿನಿ ಶೋಗೆ ಟಿಕೆಟ್ ತಂದು ನನ್ನನ್ನೂ ತನ್ನ ಅಜ್ಜನನ್ನೂ ಎಳೆದುಕೊಂಡು ಹೋದಳು. ಅವಳ ಅಜ್ಜ ಅಪ್ಪಾಸಾಹೇಬರು ನನ್ನ ತಂದೆಯ ತಮ್ಮ, ನನಗೆ ಕಾಕಾ. ಮಿರಜಿನ ಹತ್ತಿರದ ಹಳ್ಳಿ ಬೇಡಗದಲ್ಲಿ ಅವರ ದ್ರಾಕ್ಷಿ ತೋಟ. ಎಪ್ಪತ್ತು ದಾಟಿದರೂ ಚಪ್ಪರದ ಕೆಳಗೆ ತಲೆಯೆತ್ತಿ ದಿನವಿಡೀ ನಿಲ್ಲುವ ಗಟ್ಟಿ ಜೀವ. "ಮ್ಯಾಟಿನಿ ಆದ್ರ ಬರತೇನಿ. ಹೊತ್ತು ಮುಳುಗೂದ್ರಾಗ ಮನಿಯಾಗ ಊಟಕ್ಕ ಕುಂತಿರಬೇಕು," ಎಂದು ಷರತ್ತು ಹಾಕಿಯೇ ಬಂದರು. ಜೈನರ ಮನೆಯಲ್ಲಿ ಹುಟ್ಟಿದ ಕಾಕಾ ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟಿದವರಲ್ಲ.

ಸಿನಿಮಾ ಶುರುವಾಯಿತು. ಹಿಂದೆ ನೋಡಿದಾಗ ಭೂತ ಪರದೆಯ ಒಳಗಿತ್ತು, ನಾವು ಹೊರಗಿದ್ದೆವು. ಈಗ ಆ ನಡುವಿನ ಜಾಗವೇ ಇರಲಿಲ್ಲ. ಮೆಟ್ಟಿಲು ನಮ್ಮ ಕಾಲಬುಡದಿಂದಲೇ ಇಳಿಯುತ್ತಿತ್ತು. ಬಾವಿಯೊಳಗಿನ ಕೈ ನಿಧಾನವಾಗಿ ಮೇಲೆ ಬಂದು, ಮುಂದಿನ ಸಾಲುಗಳನ್ನು ದಾಟಿ, ನನ್ನ ಮೂಗಿನ ಹತ್ತಿರ ಬೆರಳು ಬಿಚ್ಚಿತು. ಇಡೀ ಥಿಯೇಟರ್ ಕಿರುಚಿಕೊಂಡು ಹಿಂದಕ್ಕೆ ವಾಲಿತು. ನಾನೂ ವಾಲಿದೆ, ಸುಳ್ಳೇಕೆ ಹೇಳಲಿ! ಹೆದರಿದ ಮರುಗಳಿಗೆಯೇ ಎಲ್ಲರೂ ನಗುತ್ತಿದ್ದರು. ಆ ನಗುವಿಗಾಗಿಯೇ ಜನ ಭೂತ ನೋಡಲು ಬರುತ್ತಾರೆ.

ಕಾಕಾ ಮಾತ್ರ ಅಲುಗಲಿಲ್ಲ. ಶ್ವೇತಾ ಅಜ್ಜನ ಧೈರ್ಯ ಮೆಚ್ಚಿ ಮರಾಠಿಯಲ್ಲಿ, "ಆಜೋಬಾ ಏಕ್‌ದಮ್ ಡೇರಿಂಗ್‌ಬಾಜ್!" ಎಂದು ಚಪ್ಪಾಳೆ ತಟ್ಟಿದಳು. ಕಾಕಾ ಮೀಸೆಯಡಿ ನಕ್ಕು, "ಏನ ಸುಜಾತಾ, ಇಷ್ಟಕ್ಕ ಹೆದರತಾರೇನ ಮಂದಿ? ಸಾದಾ ಪಿಕ್ಚರ್ ಇದ್ದಂಗ ಐತಿ," ಅಂದರು.

ಸಾದಾ ಪಿಕ್ಚರ್! ಆ ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ತ್ರೀಡಿಯಲ್ಲಿ ಪರದೆಯ ಮೇಲೆ ಇರುವುದು ತುಸು ಬೇರೆಬೇರೆಯಾದ ಎರಡು ಚಿತ್ರ. ಕನ್ನಡಕ ಒಂದನ್ನು ಎಡಗಣ್ಣಿಗೆ, ಇನ್ನೊಂದನ್ನು ಬಲಗಣ್ಣಿಗೆ ಕೊಡುತ್ತದೆ. ಎರಡನ್ನೂ ಹೊಲಿದು ಆಳವನ್ನು ಕಟ್ಟುವುದು ನಮ್ಮ ಮಿದುಳು. ನಾವು ಇದನ್ನು ಸ್ಟೀರಿಯೋಪ್ಸಿಸ್ ಅನ್ನುತ್ತೇವೆ. ಎರಡರಲ್ಲಿ ಒಂದು ಕಣ್ಣು ಕೆಲಸ ಮಾಡದಿದ್ದರೂ ಆ ಕೈ ಪರದೆ ಬಿಟ್ಟು ಬರುವುದೇ ಇಲ್ಲ.

ಮೊದಲು ಕನ್ನಡಕದ್ದೇ ತಪ್ಪಿರಲಿ ಎಂದು ದೇವರನ್ನು ಬೇಡಿಕೊಂಡೆ. ನನ್ನದನ್ನು ಅವರಿಗೆ ಕೊಟ್ಟು ಅವರದನ್ನು ನಾನು ಹಾಕಿಕೊಂಡೆ. ನನಗೆ ಮೆಟ್ಟಿಲು ಇಳಿದವು, ಗೋಡೆ ಹಿಂದೆ ಸರಿಯಿತು. ಅವರು, "ಇದೂ ಹಂಗ ಐತೆಲ್ಲ," ಅಂದರು. ಭೂತ ಮತ್ತೆ ಬಾವಿಯ ಕಡೆ ಬರುತ್ತಿತ್ತು. ಮುಂದಿನ ಸಾಲಿನವರು ಆಗಲೇ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ನಾನು ಅಂಗೈ ಚಾಚಿ ಕಾಕಾನ ಕನ್ನಡಕದ ಬಲಗಾಜನ್ನು ಮುಚ್ಚಿದೆ.

ಥಿಯೇಟರ್ ಕಿರುಚಿತು. ಕಾಕಾ ತಣ್ಣಗೆ ಕೇಳಿದರು: "ಪಿಕ್ಚರ್ ಯಾಕ ಬಂದ್ ಆತು?"

ಎಡಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅವರನ್ನು ಎಬ್ಬಿಸಿ ಹೊರಗೆ ಕರೆತಂದೆ, ಶ್ವೇತಾ ಹಿಂದೆಯೇ ಓಡಿಬಂದಳು. ಬೆಳಕಿನಲ್ಲಿ ಕೇಳಿದಾಗ ಒಂದೊಂದೇ ಹೊರಬಿತ್ತು. ಕೆಲವು ವಾರಗಳ ಹಿಂದೆ ಚಪ್ಪರದ ತಂತಿ ಬಿಗಿಯುವಾಗ ಅದು ಚಿಮ್ಮಿ ಎಡಗಣ್ಣಿಗೆ ಬಡಿದಿತ್ತು. ಆಮೇಲೆ ಕಣ್ಣಲ್ಲಿ ಮಿಂಚು ಹೊಡೆದಂತೆ ಆಗುತ್ತಿತ್ತು. ಗುಲಾಬಿ ನೀರು ಹಾಕಿಕೊಂಡು ಸುಮ್ಮನಾಗಿದ್ದರು. ದ್ರಾಕ್ಷಿ ಗೊನೆಯಲ್ಲಿ ಒತ್ತಾದ ಕಾಯಿಗಳನ್ನು ಕತ್ತರಿಸಿ ತೆಗೆಯುವ ದಿನಗಳವು. ಎಲೆ ಸಂದಿಯಿಂದ ಇಳಿಯುವ ಬಿಸಿಲಿಗೆ ಎಡಗಣ್ಣು ಕಿವುಚಿಕೊಂಡೇ ಕೆಲಸ ಮಾಡುವುದು ಅವರ ಹಳೆಯ ರೂಢಿ. ದಿನವಿಡೀ ಮುಚ್ಚಿರುವ ಕಣ್ಣು ಕುರುಡಾಗುತ್ತಿದ್ದರೆ ಯಾರಿಗೆ ತಿಳಿಯಬೇಕು?

"ಕಾಕಾ, ಈಗಿಂದೀಗ ದವಾಖಾನಿಗೆ ನಡೀರಿ."

"ನಾಳೆ ತ್ವಾಟಕ್ಕ ಆಳು ಬರತಾವ. ಕೆಲಸ ಮುಗಿದ ಮ್ಯಾಲ ನೋಡೂಣಂತ ತಗೋ. ಒಂದ ಕಣ್ಣ ಐತೆಲ್ಲ!"

"ನಿಮ್ಮ ತ್ವಾಟಕ್ಕಷ್ಟು ಬೆಂಕಿ ಹಚ್ಚಲಿ!" ಎಂದು ಹಿರಿಯರೆಂಬುದನ್ನೂ ನೋಡದೆ ಒದರಿಬಿಟ್ಟೆ. "ಕಣ್ಣ ಹೋದ್ರ ಮತ್ತ ಚಿಗೀತೈತೇನ್ರಿ, ಬಳ್ಳಿ ಚಿಗದಂಗ?" ಕಾಕಾ ತೆಪ್ಪಗೆ ರಿಕ್ಷಾ ಹತ್ತಿದರು.

ಪಾಪೆ ಹಿಗ್ಗಿಸುವ ಹನಿ ಹಾಕಿ ನಮ್ಮ ಸರ್ಜನ್ ಬಹಳ ಹೊತ್ತು ನೋಡಿದರು. ಅವರು ಹೇಳಿದ್ದು ರೆಟಿನಲ್ ಡಿಟ್ಯಾಚ್‌ಮೆಂಟ್. ಕಣ್ಣಿನ ಹಿಂಬದಿಯ ತೆಳ್ಳನೆಯ ಪದರ, ನೀರು ಹಿಡಿದ ಗೋಡೆಯಿಂದ ಸುಣ್ಣ ಬಿಡುವಂತೆ, ಬಿಟ್ಟುಕೊಂಡಿತ್ತು. "ನಡುಭಾಗ ಬಿಟ್ಟಿದ್ದು ಈಚೆಗೆ ಅನ್ನಿಸುತ್ತದೆ. ನಾಳೆಯೇ ಆಪರೇಶನ್ ಮಾಡೋಣ. ತಡವಾದರೆ ನಾನು ಭರವಸೆ ಕೊಡಲಾರೆ," ಅಂದರು. ಮಾಡಿದರೂ ಎಷ್ಟು ನೋಟ ಮರಳುತ್ತದೆಂದು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಶ್ವೇತಾ ನನ್ನ ಮನೆಯಿಂದ ತಂದ ಊಟದ ಡಬ್ಬಿ ಬಿಚ್ಚಿಟ್ಟಿದ್ದಳು. ಕಿಟಕಿಯಲ್ಲಿ ಬಿಸಿಲು ಕೆಂಪಾಗಿ, ಮಾಸಿ, ಹೋಯಿತು. ಕಾಕಾ ರೊಟ್ಟಿಯನ್ನು ನೋಡಲೂ ಇಲ್ಲ, ಹೊತ್ತು ಮುಳುಗಿದ್ದು ಅವರಿಗೆ ಗೊತ್ತಾಗಲೂ ಇಲ್ಲ. ಬಾವಿಯ ಭೂತಕ್ಕೆ ಜಗ್ಗದ ಮನುಷ್ಯ ಹೆದರಿದ್ದಾರೆಂದು ನನಗೆ ಗೊತ್ತಾದದ್ದು ಹಾಗೆ. ನನಗೆ ಅಳು ಬಂತು.

ಮರುದಿನ ಆಪರೇಶನ್ ಆಯಿತು. ಕಣ್ಣೊಳಗೆ ಗ್ಯಾಸ್ ತುಂಬಿ ಪದರವನ್ನು ಒತ್ತಿ ಹಿಡಿಯಬೇಕು, ಅದಕ್ಕಾಗಿ ರೋಗಿ ದಿನಗಟ್ಟಲೆ ಮುಖ ಕೆಳಗೆ ಮಾಡಿಕೊಂಡಿರಬೇಕು. "ಹುಟ್ಟಿದಾಗಿಂದ ಮ್ಯಾಲ ನೋಡಿದಾವ ನಾ. ಈಗ ನೆಲ ಕಾಯೂ ಪಾಳಿ ಬಂತು," ಎಂದು ಗೊಣಗುತ್ತಲೇ ಕಾಕಾ ಅದನ್ನು ಪಾಲಿಸಿದರು. ಗ್ಯಾಸ್ ಕರಗುವವರೆಗೆ ಆ ಕಣ್ಣಿಗೆ ಏನೂ ಕಾಣುವಂತಿರಲಿಲ್ಲ. ಕಾಯುವುದೊಂದೇ ನಮಗೆ ಉಳಿದಿದ್ದ ಕೆಲಸ.

ನಿವೃತ್ತಿಯಾದ ಮೇಲೆ, ಅದೇ ಥಿಯೇಟರಿಗೆ ಇನ್ನೊಂದು ತ್ರೀಡಿ ಭೂತ ಬಂತು. ಅಷ್ಟರಲ್ಲಿ ಕಾಕಾ ಆ ಕಣ್ಣಿನಿಂದ ಚಾರ್ಟಿನ ಮೇಲ್ಭಾಗದ ದೊಡ್ಡ ಅಕ್ಷರದ ಸಾಲುಗಳನ್ನು ಓದುತ್ತಿದ್ದರು. ನೇರ ಗೆರೆಗಳು ಮಾತ್ರ ತುಸು ಸೊಟ್ಟಗೆ ಕಾಣುತ್ತಿದ್ದವು. ಮತ್ತೆ ಮ್ಯಾಟಿನಿಗೇ ಹೋದೆವು. ಕತ್ತಲಲ್ಲಿ ಒಂದು ಬಾಗಿಲು ತೆರೆಯಿತು, ಅದರಿಂದ ಒಂದು ಮುಖ ತೇಲಿ ಬಂತು. ನಾನು ಪರದೆ ನೋಡಲಿಲ್ಲ, ಕಾಕಾನನ್ನೇ ನೋಡುತ್ತಿದ್ದೆ.

"ಯವ್ವಾ ಬಂತಽ!" ಎಂದು ಕಾಕಾ ಚೀರಿ, ಹಿಂದಕ್ಕೆ ವಾಲಿ, ನನ್ನ ಮಣಿಕಟ್ಟು ಹಿಡಿದುಕೊಂಡರು.

ಕಣ್ಣಿನ ಕೆಲಸ ನನಗೆ ಕಲಿಸಿದ್ದು ಇಷ್ಟು: ಎಲ್ಲರೂ ಬೆಚ್ಚಿದಾಗ ಒಬ್ಬರು ಬೆಚ್ಚದಿದ್ದರೆ, ಶಾಭಾಷ್ ಅನ್ನುವ ಮೊದಲು ಅವರಿಗೆ ಏನು ಕಾಣುತ್ತಿದೆ ಎಂದು ಕೇಳಬೇಕು. ಇಂಟರ್ವಲ್ಲಿನ ದೀಪ ಹತ್ತುವವರೆಗೂ ಕಾಕಾ ನನ್ನ ಕೈ ಬಿಡಲಿಲ್ಲ. ಮಣಿಕಟ್ಟಿನ ಮೇಲೆ ಅವರ ಉಗುರಿನ ಗುರುತು ಮೂಡಿತ್ತು. ಅದನ್ನು ನಾನು ಮನೆಯವರಿಗೆಲ್ಲ ತೋರಿಸಿದೆ.