ಯುದ್ಧದ ಸಿನಿಮಾದಲ್ಲಿ ಮಾಯಕ್ಕ

ಖಾನಾಪುರದ ಮಾಯಕ್ಕ ಬೆಳಗಾವಿಯ ಟಾಕೀಜುಗಳಲ್ಲಿ ಹತ್ತಾರು ಸಿನಿಮಾ ನೋಡಿದ್ದಳು. ಒಂದರ ಕೊನೆಯನ್ನೂ ಕಂಡಿರಲಿಲ್ಲ. ಹೀರೋಯಿನ್ ಅಳಲು ಶುರುಮಾಡುವ ಹೊತ್ತಿಗೆ ಗಂಡ ತಮ್ಮಣ್ಣ ಮೊಣಕೈಯಿಂದ ತಿವಿಯುತ್ತಿದ್ದ: “ಏಳು, ಬಸ್ ತಪ್ಪತೈತಿ. ಸಂಜಿ ರೊಟ್ಟಿ ಯಾರು ಬಡೀಬೇಕು?” ಮದುವೆಯಾಗಿ ಬಂದಂದಿನಿಂದ ಆ ಮನೆಯ ಒಲೆ ಅವಳದು. ಜ್ವರ ಬಂದಾಗಲೂ ಅವಳದೇ, ಬಾಣಂತಿಯ ಹಸಿ ಮೈಯಲ್ಲೂ ಅವಳದೇ.

ಅಂಥವಳ ಊರಿಗೆ ಎಂಬತ್ಮೂರರ ಚಳಿಗಾಲದಲ್ಲಿ ಮುಂಬಯಿಯ ಸಿನಿಮಾದವರೇ ಬಂದಿಳಿದರು! ಯಾವುದೋ ದೇಶದಲ್ಲಿ ಒಂದೇ ಊರಿನ ಜನ ಎರಡು ಬಣವಾಗಿ ಒಬ್ಬರನ್ನೊಬ್ಬರು ಕೊಲ್ಲುವ ಕಥೆ. ಅದನ್ನು ಕಣ್ಣಾರೆ ಕಂಡು ಬರೆಯಲು ಹೋದ ಪತ್ರಕರ್ತನೇ ಹೀರೋ. ಮಲಪ್ರಭೆಯ ದಂಡೆಯಲ್ಲಿ ಬಿದಿರು, ಹುಲ್ಲಿನ ಗುಡಿಸಲುಗಳೆದ್ದವು. ಬಾಂಬ್ ಬಿದ್ದಾಗ ಓಡಲು ಹೆಂಗಸರು ಬೇಕಂತೆ ಎಂಬ ಸುದ್ದಿ ಬಂದಾಗ ಮಾಯಕ್ಕ ಸೆಗಣಿ ಬಾಚುತ್ತಿದ್ದಳು. ಕೈ ತೊಳೆಯುವ ಮೊದಲೇ “ನಾ ಬರ್ತೀನಿ” ಅಂದುಬಿಟ್ಟಳು.

ಶೂಟಿಂಗಿನ ದಿನ ಕೋಳಿ ಕೂಗುವ ಮೊದಲೇ ಎದ್ದು ಕಸ, ನೀರು, ಹಾಲು, ಎರಡೂ ಹೊತ್ತಿನ ಅಡುಗೆ ಮುಗಿಸಿ ಹೋದಳು. ಅಲ್ಲಿ ಅವಳನ್ನು ಕೂರಿಸಿದ್ದೆಲ್ಲಿ? ಗುಡಿಸಲಿನಲ್ಲಿ, ಒಲೆಯ ಮುಂದೆ, ರೊಟ್ಟಿ ಬಡಿಯಲು!

“ಇಲ್ಲೀನೂ ಇದಾ ಏನು?” ಎಂದಳು.

ಬಾಂಬಿನ ಸದ್ದಾದೊಡನೆ ಪತ್ರಕರ್ತ ಬಂದು ಕೈ ಹಿಡಿಯುತ್ತಾನೆ, ಇಬ್ಬರೂ ಹೊಳೆಯ ಸೇತುವೆಯತ್ತ ಓಡಬೇಕು ಎಂದು ನಿರ್ದೇಶಕ ಹಿಂದಿಯಲ್ಲಿ ಹೇಳಿದ್ದನ್ನು ಊರಿನ ಕೃಷ್ಣಾಜಿ ತಿಳಿಸಿದ.

ಢಂ! ಪತ್ರಕರ್ತ ಕೈ ಹಿಡಿದು ಎಳೆದ. ಮಾಯಕ್ಕ ಕೊಸರಿಕೊಂಡು, ಹಂಚಿನ ಮೇಲಿನ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಉರಿಯುವ ಕಟ್ಟಿಗೆ ಹೊರಗೆಳೆದು, ನೀರು ಚಿಮುಕಿಸಿ, ಆಮೇಲೆ ಓಡಿದಳು.

“ಕಟ್!”

“ವೈನಿ, ಏನ್ ಮಾಡಿದ್ರಿ?” ಕೃಷ್ಣಾಜಿ ಹಣೆ ಬಡಿದುಕೊಂಡ.

“ಒಲಿ ಹಂಗಾ ಬಿಟ್ಟು ಬಂದ್ರ ಮನಿ ಸುಡತೈತಲ್ಲೋ?”

“ಸುಡಾಕಂತನಾ ಕಟ್ಟ್ಯಾರ್ರೀ ಅದನ್ನ!”

ಶೂಟಿಂಗ್ ನೋಡಲು ಬಂದು ಹಗ್ಗದಾಚೆ ನಿಂತಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೇ ಸಲವೂ ಅವಳ ಕೈ ಅವಳ ಮಾತು ಕೇಳಲಿಲ್ಲ. ನಿರ್ದೇಶಕ ಟೋಪಿಯನ್ನು ನೆಲಕ್ಕೆಸೆದ. ಈ ಸಲ ಗುಡಿಸಲಿಗೆ ಬೆಂಕಿ ಇಡುವುದೇ. ಮತ್ತೊಂದು ಕಟ್ಟಲು ಆಗುವುದಿಲ್ಲ. ಇವಳನ್ನು ಎಬ್ಬಿಸಿ, ಬೇರೆಯವಳನ್ನು ಕೂರಿಸಿ ಎಂದ.

ಮಾಯಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. “ನಾನಾ ಓಡ್ತೀನಿ. ಕೃಷ್ಣಾಜಿ, ಹೇಳೋ ಅವ್ರಿಗೆ! ಇದೊಂದು ಸಲ!”

ಕೃಷ್ಣಾಜಿ ಕಾಡಿ ಬೇಡಿದ. ನಿರ್ದೇಶಕ ಒಂದು ಬೆರಳೆತ್ತಿ ತೋರಿಸಿದ.

ಅವಳು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಢಂ! ಬೆನ್ನ ಹಿಂದೆ ಹುಲ್ಲು ಭಗ್ಗೆಂದಿತು. ಕೈ ಮತ್ತೆ ಕಟ್ಟಿಗೆಯತ್ತ ಹೊರಟಿತು. ಮಾಯಕ್ಕ ಆ ಕೈಯನ್ನೇ ಪತ್ರಕರ್ತನ ಅಂಗೈಗೆ ತುರುಕಿ ಎದ್ದಳು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಓಡಿದಳು!

ಹಗ್ಗದಾಚೆ ಜನರ ನಡುವೆ ನಿಂತಿದ್ದ ಗಂಡ ತಮ್ಮಣ್ಣ ಎಲ್ಲವನ್ನೂ ಮರೆತು ಕೂಗಿದ: “ಲೇ, ರೊಟ್ಟಿ ಹೊತ್ತಾಕತ್ತೈತಿ!”

“ನೀವಾ ತಿರುವಿ ಹಾಕ್ರಿ!”

ಹೀರೋ ಎಡವಿದ. ಅವಳೇ ಅವನನ್ನು ದರದರ ಎಳೆದುಕೊಂಡು ಸೇತುವೆ ಹತ್ತಿದಳು. ಹಿಂದೆ ನಿರ್ದೇಶಕ ಕ್ಯಾಮೆರಾ ಬಳಿ ಕುಣಿಯುತ್ತ ಶಾಬಾಷ್, ಶಾಬಾಷ್ ಎನ್ನುತ್ತಿದ್ದ. ಕಟ್ ಎಂದೂ ಅಂದ. ಹೀರೋ ಏದುಸಿರು ಬಿಡುತ್ತ ಸೇತುವೆಯ ಮೇಲೇ ಕುಸಿದು ಕುಳಿತ. ಮಾಯಕ್ಕ ಮಾತ್ರ ನಿಲ್ಲಲಿಲ್ಲ. ಸೆರಗು ಹಾರಿಸಿಕೊಂಡು, ನಗುತ್ತ, ಆಚೆ ದಡದವರೆಗೂ ಓಡಿದಳು.